ಬಾವಿ ಮುಚ್ಚಬೇಡಿ, ಹಿತ್ತಿಲು ಗುಡಿಸಬೇಡಿ

ಬೆಳಗಿನ ಆರು ಗಂಟೆ. ಹಾಲಿನವರ ಹಿತ್ತಿಲಲ್ಲಿ ಹೆಂಗಸೊಬ್ಬರು ಸೀಬೆ ಮರವನ್ನು ತಬ್ಬಿಕೊಂಡು ನಿಂತಿದ್ದಾರೆ. ಪ್ರೀತಿಗಲ್ಲ, ಅಳತೆಗೆ. ಬಟ್ಟೆ ಹೊಲಿಯುವವರ ಟೇಪು ಕಾಂಡವನ್ನು ಒಂದು ಸುತ್ತು ಬರುತ್ತದೆ. "ಇಪ್ಪತ್ತೆರಡು ಇಂಚು. ಅಣ್ಣಾ, ಗಂಟು ಹಾಕಿ" ಎನ್ನುತ್ತಾರೆ. ಹಾಲಿನವರು ಹಸಿರು ಬಟ್ಟೆಯ ಚೂರೊಂದನ್ನು ಕೊಂಬೆಗೆ ಕಟ್ಟುತ್ತಾರೆ.

"ಇದನ್ನ ನೆಟ್ಟಿದ್ದು ಯಾವಾಗ?"

"ಮಗಳು ಒಂದನೇ ಕ್ಲಾಸಿಗೆ ಸೇರಿದ ವರ್ಷ. ಆರು ತುಂಬಿತ್ತು ಅವಳಿಗೆ. ಈಗ ಹದಿನೆಂಟು."

"ಹಾಗಾದ್ರೆ ಮರಕ್ಕೆ ಹನ್ನೆರಡು. ಸಾಹೇಬ್ರು ಕೇಳಿದ್ರೆ ಮಗಳ ಕ್ಲಾಸು ಹೇಳ್ಬೇಡಿ, ಮರದ ವಯಸ್ಸು ಹೇಳಿ."

ಇವರನ್ನು ಎಲ್ಲರೂ ಕರೆಯುವುದು ಟೇಪಕ್ಕ ಎಂದೇ. ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಒಂದೇ ಮಷೀನಿನ ಹೊಲಿಗೆ ಅಂಗಡಿ ಇವರದು. ಬಾಗಿಲು ತೆರೆಯುವುದು ಮಾತ್ರ ಹನ್ನೊಂದಕ್ಕೆ. ಅದಕ್ಕೂ ಮುಂಚಿನ ಹೊತ್ತೆಲ್ಲ ಸರ್ಕಾರ ಸ್ವಾಧೀನಕ್ಕೆ ತೆಗೆದುಕೊಳ್ಳಲಿರುವ ಜಮೀನುಗಳಲ್ಲಿ ಕಳೆಯುತ್ತದೆ. ಹನ್ನೊಂದು ವರ್ಷಗಳಲ್ಲಿ ನೂರ ನಲವತ್ತಕ್ಕೂ ಹೆಚ್ಚು ಕುಟುಂಬಗಳ ಮರ, ಬಾವಿ, ಕೊಟ್ಟಿಗೆಗಳನ್ನು ಹೀಗೆ ಎಣಿಸಿ ಕೊಟ್ಟಿದ್ದಾರೆ. ಬಸ್ ಚಾರ್ಜು ಬಿಟ್ಟರೆ ಬೇರೇನೂ ಮುಟ್ಟುವುದಿಲ್ಲ. "ಮರಕ್ಕೆ ಅಂಗಿ ಹೊಲೀತೀಯಾ" ಎಂದು ಓಣಿಯ ಗೆಳತಿಯರು ರೇಗಿಸಿದರೆ, "ಮೊದ್ಲು ದುಡ್ಡು ಕೊಟ್ಟು ನಿಮ್ಮ ಹಳೇ ಅಂಗಿ ಬಿಡಿಸ್ಕೊಂಡು ಹೋಗ್ರೇ" ಎಂದು ಬಾಯಿ ಮುಚ್ಚಿಸುತ್ತಾರೆ.

ಹಾಲಿನವರ ಜಾಗದ ಮೇಲೆ ದೊಡ್ಡ ರಸ್ತೆ ಬರಲಿದೆ. ಹತ್ತು ಗಂಟೆಗೆ ಸರ್ವೆಯರ್ ಸಾಹೇಬರು ಅಳತೆಗೆ ಬರುತ್ತಾರೆ. ಜಮೀನಿಗೆ ಒಂದು ದರ ಇದೆ, ಅದರ ಮೇಲೆ ನಿಂತ ಮರ, ಬಾವಿ, ಗೋಡೆಗಳಿಗೆ ಬೇರೆ ಪರಿಹಾರ ಇದೆ. ಆದರೆ ಅವೆಲ್ಲ ಇವತ್ತಿನ ಮಹಜರಿನಲ್ಲಿ ದಾಖಲಾಗಬೇಕು. ಬಿಟ್ಟುಹೋದದ್ದನ್ನು ಆಮೇಲೆ ಸೇರಿಸಬೇಕೆಂದರೆ ಅರ್ಜಿ ಹಿಡಿದು ಕಚೇರಿಗೆ ಅಲೆದು ಚಪ್ಪಲಿ ಸವೆಸಬೇಕು. ಹಾಲಿನವರು ಕೊಳ್ಳಲು ನೋಡಿರುವ ಹೊಸ ಜಾಗದಲ್ಲಿ ಹನಿ ನೀರಿಲ್ಲ. ಹನ್ನೊಂದು ಹಸುಗಳಿಗೆ ಅಲ್ಲಿ ನೀರು ತೆಗೆಸಲು ಇಲ್ಲಿನ ಬಾವಿಯ ಪರಿಹಾರವೇ ದಿಕ್ಕು.

ಮೂವತ್ತೆಂಟು ಮರ ಮುಗಿಯುವ ಹೊತ್ತಿಗೆ ಏಳೂವರೆ. "ನಲವತ್ತು ಅಂತ ಬರ್ಕೊಳ್ಳಿ ಅಕ್ಕಾ, ಯಾರು ಎಣಿಸ್ತಾರೆ" ಎಂದು ಹಾಲಿನವರು ಮೆಲ್ಲಗೆ ಹೇಳಿ ನೋಡುತ್ತಾರೆ. "ನಾನು ಎಣಿಸ್ತೀನಿ" ಎನ್ನುತ್ತಾರೆ ಟೇಪಕ್ಕ. "ಎರಡು ಸುಳ್ಳು ಸಿಕ್ಕಿಬಿದ್ರೆ ಮೂವತ್ತೆಂಟು ನಿಜಾನೂ ಯಾರೂ ನಂಬಲ್ಲ. ಸರಿ, ಬಾವಿ ಎಲ್ಲಿ?"

ಹಾಲಿನವರ ಮುಖ ಅರಳುತ್ತದೆ. ಗೇಟಿನ ಪಕ್ಕದಲ್ಲಿ ನೀಟಾಗಿ ಮಣ್ಣು ಹರಡಿದ ಸಮತಟ್ಟು ಜಾಗವನ್ನು ತೋರಿಸುತ್ತಾರೆ. "ಸಾಹೇಬ್ರ ಜೀಪು ನಿಲ್ಸೋಕೆ ಜಾಗ ಬೇಕಲ್ಲ ಅಕ್ಕಾ. ನಿನ್ನೆ ಕಟ್ಟೆ ಒಡೆದು, ಮೇಲೆ ಚಪ್ಪಡಿ ಹಾಕಿಸಿ ಮುಚ್ಚಿಸ್ದೆ."

ಟೇಪಕ್ಕ ತಲೆಯ ಮೇಲೆ ಕೈ ಹೊತ್ತು ಅಲ್ಲೇ ಕುಳಿತುಬಿಡುತ್ತಾರೆ. ಅವರ ಕೆಲಸ ನೋಡಲೆಂದು ಜೊತೆಗೆ ಬಂದ ನನಗೆ ನಗು ಬರುತ್ತದೆ, ಮರುಕ್ಷಣವೇ ಮರುಕವೂ ಹುಟ್ಟುತ್ತದೆ. ತನ್ನ ನೆಲ ಕೇಳಲು ಬರುವವರನ್ನೂ ನೆಂಟರಂತೆ ಕಾಣುವ ಈ ಮನುಷ್ಯನಿಗೆ ಏನು ಹೇಳುವುದು! "ನೂರರಲ್ಲಿ ಅರವತ್ತು ಮನೇಲಿ ಇದೇ ಕಥೆ" ಎನ್ನುತ್ತಾರೆ ಟೇಪಕ್ಕ. "ಸಾಹೇಬ್ರು ಬರ್ತಾರೆ ಅಂತ ಕೊಂಬೆ ಕಡೀತಾರೆ, ಹಳೇ ಕೊಟ್ಟಿಗೆ ಕೆಡವ್ತಾರೆ. ಗುಡಿಸಿ ಗುಡಿಸಿ ತಮ್ಮ ಆಸ್ತೀನೇ ಗುಡಿಸಿ ಹಾಕ್ತಾರೆ."

ಈ ತಪ್ಪು ಅವರಿಗೆ ಚೆನ್ನಾಗಿ ಗೊತ್ತು, ಏಕೆಂದರೆ ತಾವೂ ಮಾಡಿದ್ದಾರೆ. ಮದುವೆಯಾಗಿ ಬಂದ ಎರಡನೇ ವರ್ಷ ಗಂಡನ ಮನೆಯ ಜಾಗಕ್ಕೆ ನೋಟಿಸು ಬಂತು. ಅತ್ತೆ ಮಗ್ಗ ಹಾಕಿಕೊಂಡಿದ್ದ ಶೆಡ್ಡು ಹರಕುಮುರುಕಾಗಿ ಕಾಣುತ್ತದೆಂದು ಸೊಸೆಯೇ ಮುಂದೆ ನಿಂತು ಕೆಡವಿಸಿದರು. ಮರುದಿನ ಕಾಗದದಲ್ಲಿ 'ಖಾಲಿ ಜಾಗ' ಎಂದು ದಾಖಲಾಯಿತು. "ಅತ್ತೆ ಒಂದು ಮಾತೂ ಬೈಲಿಲ್ಲ. ಬೈದಿದ್ರೆ ನಾನು ಇಷ್ಟು ತಿರುಗ್ತಿರ್ಲಿಲ್ವೇನೋ." ಅದರಿಂದಲೇ ಅವರ ಕೆಲಸಕ್ಕೊಂದು ಪದ್ಧತಿ ಬಂದಿದೆ. ಅಳೆಯುವುದು ಟೇಪಕ್ಕ, ಗಂಟು ಹಾಕುವುದು ಮಾತ್ರ ಜಮೀನಿನವರೇ. ತನ್ನ ಕೈಯಾರೆ ಕಟ್ಟಿದ್ದನ್ನು ಯಾರೂ ಮರೆಯುವುದಿಲ್ಲ, ಸಾಹೇಬರ ಮುಂದೆ ನಾಲಿಗೆಯೂ ತಡವರಿಸುವುದಿಲ್ಲ ಎಂಬುದು ಅವರ ಲೆಕ್ಕ.

ಈಗ ಮಾತಿಗೆ ಹೊತ್ತಿಲ್ಲ. ಹಾಲಿನವರು, ಅವರ ಹೆಂಡತಿ, ಪಕ್ಕದ ಮನೆಯ ಇಬ್ಬರು ಗುದ್ದಲಿ ಹಿಡಿಯುತ್ತಾರೆ. ಟೇಪಕ್ಕ ಸೆರಗು ಸಿಕ್ಕಿಸಿ ಬುಟ್ಟಿ ಎತ್ತುತ್ತಾರೆ. ಒಂಬತ್ತೂ ಐವತ್ತಕ್ಕೆ ಕೊನೆಯ ಚಪ್ಪಡಿ ಸರಿಯುತ್ತದೆ. ಕೆಳಗೆ ನೀರು ಮಿನುಗುತ್ತದೆ.

ಸರ್ವೆಯರ್ ಸಾಹೇಬರು ಕೆಟ್ಟವರಲ್ಲ, ಅವಸರದವರು. ಬೆಳಗಿನಿಂದ ಇದು ಅವರ ಮೂರನೆಯ ಜಾಗ. ಕಟ್ಟೆಯಿಲ್ಲದ ಬಾವಿ ನೋಡಿ ಹುಬ್ಬು ಗಂಟಿಕ್ಕುತ್ತಾರೆ. "ಇದು ಪಾಳು ಬಾವಿ ತರ ಇದೆಯಲ್ರೀ."

ಎಲ್ಲರೂ ಟೇಪಕ್ಕನ ಕಡೆ ನೋಡುತ್ತಾರೆ. ಟೇಪಕ್ಕ ಹಾಲಿನವರ ಕಡೆ ನೋಡುತ್ತಾರೆ. ಹಾಲಿನವರು ಹಗ್ಗಕ್ಕೆ ಕೊಡ ಕಟ್ಟಿ ಇಳಿಬಿಡುತ್ತಾರೆ. ತುಂಬಿದ ಕೊಡ ಎಳೆದು ಸಾಹೇಬರ ಮುಂದಿಡುತ್ತಾರೆ. "ನಮ್ಮಪ್ಪ ತೋಡಿದ್ದು ಸಾರ್. ಇವತ್ತು ಬೆಳಿಗ್ಗೆ ನೀವು ಕುಡಿದ ಟೀಗೆ ಹಾಲು ಕೊಟ್ಟ ಹಸು ಇದೇ ನೀರು ಕುಡಿಯೋದು." ಒಡೆದ ಕಟ್ಟೆಯ ಕಲ್ಲುಗಳನ್ನೂ ತೋರಿಸಿ, ಮುಚ್ಚಿದ್ದೇಕೆಂದು ನಾಚಿಕೊಂಡೇ ಹೇಳುತ್ತಾರೆ.

ಸಾಹೇಬರು ಆಳ ಅಳೆಸಿ ಮಹಜರಿನಲ್ಲಿ ಬರೆಸುತ್ತಾರೆ. ಬಾವಿ ಒಂದು, ನೀರಿದೆ. ಮರ ಮೂವತ್ತೆಂಟು. ಓದಿ ಹೇಳುವವರೆಗೆ ಹಾಲಿನವರು ಪೆನ್ನು ಮುಟ್ಟುವುದಿಲ್ಲ. ಆಮೇಲೆ ಸಹಿ ಹಾಕಿ, ಗೋಡೆಗೊರಗಿ, ಚಿಕ್ಕ ಮಕ್ಕಳಂತೆ ಅತ್ತುಬಿಡುತ್ತಾರೆ. ನೆಲ ಹೋಗುತ್ತಿರುವ ದುಃಖ ಅದು. ಹಸುಗಳಿಗೆ ನೀರು ಸಿಕ್ಕಿದ ಸಮಾಧಾನವೂ ಅದರಲ್ಲಿದೆ.

ಹೊರಡುವಾಗ ಸರ್ವೆಯರ್ ಸಾಹೇಬರು ಟೇಪಕ್ಕನನ್ನು ಗೇಟಿನ ಹೊರಗೆ ಕರೆಯುತ್ತಾರೆ. ದನಿ ತಗ್ಗಿಸಿ ಹೇಳುತ್ತಾರೆ: "ಮುಂದಿನ ವಾರ ನಮ್ಮಕ್ಕನ ತೋಟದ ಅಳತೆ ಇದೆ. ಪಾಪ, ಅವಳಿಗೆ ಏನೂ ತಿಳಿಯಲ್ಲ. ಒಂದ್ಸಲ ಬಂದು ನೋಡ್ತೀರಾ?"

"ಖಂಡಿತಾ ಬರ್ತೀನಿ ಸಾರ್" ಎನ್ನುತ್ತಾರೆ ಟೇಪಕ್ಕ. "ಆದ್ರೆ ಅಳತೆಗೆ ನೀವು ಬರ್ಬೇಡಿ, ಬೇರೆಯವರನ್ನ ಕಳಿಸಿ. ಅಕ್ಕನ ತೋಟ ಅಂತ ಒಂದು ಮರ ಜಾಸ್ತಿ ಬರೆದ್ರೆ, ಅದನ್ನ ಲಿಸ್ಟಿನಿಂದ ಹೊಡೆದು ಹಾಕ್ಸೋಳು ನಾನೇ."