ಉಂಡ ಮೇಲೆ ಕೊಡುವುದು

ನೋಟನ್ನು ನಾಲ್ಕು ಮಡಿಕೆ ಮಾಡಿ, ಮುಖ ಒಂದು ಕಡೆ ಇಟ್ಟುಕೊಂಡು ಕೈಯನ್ನು ಇನ್ನೊಂದು ಕಡೆಗೆ ಚಾಚಿ ದಾಟಿಸುವುದರಲ್ಲಿ ನಾನು ಪಳಗಿದವಳು. ಹೊಳೆನರಸೀಪುರದಲ್ಲಿ ಹೈಸ್ಕೂಲ್ ಟೀಚರಾಗಿದ್ದೆ. ಸಂಬಳದವರ ಮನೆಯಲ್ಲಿ ಹುಟ್ಟಿ ಸಂಬಳದವರ ಮನೆಯನ್ನೇ ಸೇರಿದವಳು. ಗ್ಯಾಸ್ ಸಿಲಿಂಡರ್ ಹೊತ್ತು ತರುವವನಿಂದ ಹಿಡಿದು ಮದುವೆ ಛತ್ರದಲ್ಲಿ ಕಾಫಿ ಕೊಡುವವನವರೆಗೆ, ಯಾರಿಗೆ ಯಾವಾಗ ಕೈ ಬೆಚ್ಚಗೆ ಮಾಡಿದರೆ ಕೆಲಸ ಸಲೀಸಾಗುತ್ತದೆ ಅನ್ನುವುದು ನನಗಿಂತ ಚೆನ್ನಾಗಿ ಯಾರಿಗೂ ಗೊತ್ತಿಲ್ಲ ಎಂಬ ಜಂಬವಿತ್ತು. ಆ ಜಂಬ ಇಳಿದದ್ದು ನುಗ್ಗೇಹಳ್ಳಿಯ ಹತ್ತಿರದ ಒಂದು ತೆಂಗಿನ ತೋಟದಲ್ಲಿ. ಅದು ಇಳಿಯುವ ಹೊತ್ತಿಗೆ ನಮ್ಮಮ್ಮನ ಪ್ರಾಣ ತುಟಿಗೆ ಬಂದಿತ್ತು.

ತೊಂಬತ್ತರ ದಶಕದ ನಡುವಿನ ಮಾತು. ಅಮ್ಮನಿಗೆ ಪಂಢರಾಪುರ ನೋಡಬೇಕೆಂಬ ಆಸೆ ಬಹಳ ವರ್ಷದ್ದು. ಸಕ್ಕರೆ ಕಾಯಿಲೆಯೂ ಬಹಳ ವರ್ಷದ್ದೇ. ಮಾತ್ರೆಗೆ ಬಗ್ಗದೆ ಬೆಳಿಗ್ಗೆ ಸಂಜೆ ಇನ್ಸುಲಿನ್ ಸೂಜಿಗೆ ಬಂದು ನಿಂತಿತ್ತು. ಸೂಜಿ ಹಾಕಿದ ದಿನ ಹೊತ್ತು ಹೊತ್ತಿಗೆ ಹೊಟ್ಟೆಗೆ ಬೀಳಲೇಬೇಕು, ಮಧ್ಯಾಹ್ನದ ಊಟ ಒಂದು ಗಂಟೆ ದಾಟಕೂಡದು ಎಂದು ಹಾಸನದ ಡಾಕ್ಟರು ನನ್ನನ್ನು ಕೂರಿಸಿಕೊಂಡು ಹೇಳಿದ್ದರು. ದಾಟಿದರೆ ಮೈ ಬೆವರುತ್ತದೆ, ಮಾತು ತೊದಲುತ್ತದೆ, ಆಮೇಲೆ ಎಚ್ಚರ ತಪ್ಪುತ್ತದೆ, ಅಷ್ಟರೊಳಗೆ ಬಾಯಿಗೆ ಸಿಹಿ ಹಾಕದಿದ್ದರೆ ಕೈಮೀರುತ್ತದೆ ಎಂದಿದ್ದರು.

ಅರಕಲಗೂಡಿನಿಂದ ಹೊರಟು, ಹೊಳೆನರಸೀಪುರ, ಹಾಸನ, ಚನ್ನರಾಯಪಟ್ಟಣದಲ್ಲಿ ಜನ ಹತ್ತಿಸಿಕೊಂಡು ಹಂಪಿ, ಮಂತ್ರಾಲಯ, ಪಂಢರಾಪುರ ತೋರಿಸಿಕೊಂಡು ಬರುವ ಎಂಟು ದಿನದ ಯಾತ್ರೆ ಬಸ್ಸು ಅದು. ಅಡುಗೆಯವನು, ಪಾತ್ರೆ, ಒಲೆ ಎಲ್ಲ ಬಸ್ಸಿನಲ್ಲೇ. ಟಿಕೆಟ್ ಬರೆಯುವಾಗ ಟೂರಿನವನು, ಕಾಯಿಲೆಯವರನ್ನು ಹತ್ತಿಸುವುದಿಲ್ಲ, ದಾರಿಯಲ್ಲಿ ಗೊತ್ತಾದರೂ ಅಲ್ಲೇ ಇಳಿಸಿ ವಾಪಸ್ ಬಸ್ಸಿಗೆ ಕಳಿಸುತ್ತೇವೆ ಎಂದ. ನಾನು ಬಾಯಿ ತೆರೆಯುವ ಮೊದಲೇ ಅಮ್ಮ, ತನಗೆ ನೆಗಡಿ ಕೂಡ ಬರುವುದಿಲ್ಲ ಎಂದುಬಿಟ್ಟಳು. ಹೊರಗೆ ಬಂದ ಮೇಲೆ, ಯಾರಿಗೂ ಹೇಳಕೂಡದು ಎಂದು ನನ್ನ ಕೈಯಲ್ಲಿ ಆಣೆ ಹಾಕಿಸಿಕೊಂಡಳು. ಇನ್ಸುಲಿನ್ ಬಾಟಲಿಯನ್ನು ಐಸಿನ ಜೊತೆ ಫ್ಲಾಸ್ಕಿಗೆ ಹಾಕಿಕೊಂಡು ಹೊರಟೆವು. ಎಂಟು ದಿನವೂ ಯಾರೋ ಒಬ್ಬರು, ಮೇಡಂ, ಕಾಫಿ ಉಳಿದಿದೆಯೇ ಎಂದು ಕೇಳುತ್ತಲೇ ಇದ್ದರು.

ಹಾಸನದಲ್ಲಿ ಬಸ್ಸು ಅರ್ಧ ಗಂಟೆ ನಿಂತಿತು. ಅಡುಗೆ ಮೇಸ್ತ್ರಿ ಹಿಂದಿನ ಬಾಗಿಲಲ್ಲಿ ಪಾತ್ರೆ ಕಟ್ಟುತ್ತಿದ್ದ. ನುಗ್ಗೇಹಳ್ಳಿ ಕಡೆಯವನು, ಐವತ್ತರ ಆಸುಪಾಸು, ಹೆಗಲ ಮೇಲೆ ಚೌಕದ ಟವೆಲು. ನನಗೆ ಇದೇ ಸಮಯ ಅನ್ನಿಸಿತು. ಹತ್ತಿರ ಹೋಗಿ ಮಡಿಸಿದ ನೋಟನ್ನು ಅವನ ಅಂಗೈಗೆ ಒತ್ತಿ, ಅಮ್ಮನಿಗೆ ವಯಸ್ಸಾಗಿದೆ, ಊಟ ಸ್ವಲ್ಪ ಮುಂಚೆ ಸಿಗುವ ಹಾಗೆ ನೋಡಿಕೊಳ್ಳಿ ಎಂದೆ. ಅವನು ಜೇಬಿಗೆ ಹಾಕಿಕೊಳ್ಳಲಿಲ್ಲ. ಮಡಿಕೆಗಳನ್ನು ಒಂದೊಂದಾಗಿ ಬಿಡಿಸಿ ನೋಡಿದ.

“ಇದೇನ್ ಮೇಡಮ್ಮೋರೇ, ಇನ್ನಾ ಒಲೆನೇ ಅಚ್ಚಿಲ್ಲ” ಎಂದ.

ಬಸ್ಸಿನ ಮುಂದುಗಡೆ ಡ್ರೈವರಿನ ಪಕ್ಕ ಒಂದು ದೇವರ ಪಟ ಇತ್ತು. ಅದರ ಕೆಳಗೆ ಮುಚ್ಚಳದಲ್ಲಿ ಸೀಳು ಕೊರೆದ ಬಿಸ್ಕತ್ತಿನ ಡಬ್ಬಿ. ಮೇಸ್ತ್ರಿ ನೆಟ್ಟಗೆ ಅಲ್ಲಿಗೆ ಹೋಗಿ ನೋಟನ್ನು ಅದರೊಳಗೆ ತುರುಕಿದ. “ಒಳೇನರ್ಸೀಪುರದ ಮೇಡಮ್ಮೋರು ಆಕವ್ರೆ” ಎಂದು ಬಸ್ಸಿಗೆಲ್ಲ ಕೇಳುವ ಹಾಗೆ ಹೇಳಿದ. ಆ ಬಸ್ಸಿನ ಪದ್ಧತಿ ನನಗೆ ಆಮೇಲೆ ತಿಳಿಯಿತು. ಕೊನೆಯ ದಿನ, ಕೊನೆಯ ಊಟ ಉಂಡ ಮೇಲೆ, ತಾಂಬೂಲದ ಜೊತೆ ಎಲ್ಲರೂ ಇನಾಮು ಕೊಡಬೇಕು. ಅದು ಡಬ್ಬಿಗೆ ಬಿದ್ದು, ಡ್ರೈವರು, ಮೇಸ್ತ್ರಿ, ಕ್ಲೀನರು ಹಂಚಿಕೊಳ್ಳಬೇಕು. ಉಣ್ಣುವ ಮೊದಲು ಕೊಟ್ಟರೆ ಅದಕ್ಕೆ ಬೇರೆಯೇ ಹೆಸರು, ಲಂಚ. ಅವತ್ತು ಎಲ್ಲರೂ ನನ್ನ ನೋಟಿಗೆ ಆ ಹೆಸರನ್ನೇ ಇಟ್ಟರು.

ಚನ್ನರಾಯಪಟ್ಟಣದಲ್ಲಿ ಹತ್ತಿದ ಕೊಬ್ಬರಿ ಮಂಡಿ ಸಾಹುಕಾರರಿಗೂ ಸುದ್ದಿ ಮುಟ್ಟಿತು. ಬಿಳಿ ಪಂಚೆ, ಜೇಬಿನ ತುಂಬ ಪೊಟ್ಟಣ, ನಾಲಿಗೆಯೋ ಹೊಸ ಕುಡುಗೋಲು. ಮೊದಲ ಮಧ್ಯಾಹ್ನವೇ ನಾನು ತಟ್ಟೆ ಹಿಡಿದು ಒಲೆಯ ಹತ್ತಿರ ಹೋದೆ. ಗಂಟೆ ಹನ್ನೆರಡೂವರೆ. ಅನ್ನ ಇಳಿದಿತ್ತು, ಸಾರು ಕುದಿಯುತ್ತಿತ್ತು. ಮೇಸ್ತ್ರಿ ಸೌಟಿಗೆ ಕೈ ಹಾಕಿದ್ದ ಕೂಡ. ಹಿಂದಿನಿಂದ ಸಾಹುಕಾರರು, “ಏನ್ಲಾ ಮೇಸ್ತ್ರಿ, ಕಾಸ್ ಕೊಟ್ಟೋರ್ಗೆ ಮೊದುಲ್ ಪಂಕ್ತಿನಾ?” ಎಂದರು. ನಾಲ್ಕು ಜನ ನಕ್ಕರು. ಮೇಸ್ತ್ರಿ ಸೌಟನ್ನು ಕೆಳಗಿಟ್ಟ. ಎಲ್ಲರ ಜೊತೆಗೇ ಬಡಿಸುತ್ತೇನೆ, ಕೂತಿರಿ ಎಂದ.

ಅಲ್ಲಿಗೆ ಆ ಬಾಗಿಲು ಮುಚ್ಚಿತು. ನಾನು ಸುಮ್ಮನೆ ಹೋಗಿ, ಅಪ್ಪಾ, ನಮ್ಮಮ್ಮನಿಗೆ ಹೀಗಿದೆ ಎಂದಿದ್ದರೆ ಒಂದು ತುತ್ತು ಮುಂಚೆ ಕೊಡುವುದಕ್ಕೆ ಅವನಿಗೆ ಏನೂ ಅಡ್ಡಿಯಿರಲಿಲ್ಲ. ದುಡ್ಡು ಕೊಟ್ಟು ನಾನೇ ಅವನ ಕೈ ಕಟ್ಟಿಹಾಕಿದ್ದೆ. ಇನ್ನು ಅಮ್ಮನಿಗೆ ಮೊದಲು ಬಡಿಸಿದರೆ ಪಂಕ್ತಿಯನ್ನೇ ಮಾರಿಕೊಂಡ ಎನ್ನುವ ಮಾತು ಅವನಿಗೆ ಬರುತ್ತಿತ್ತು. ಅಂಥ ಮಾತು ಒಂದು ಸಲ ಬಂದರೆ ಮುಂದಿನ ಸೀಸನ್ನಿಗೆ ಅವನನ್ನು ಯಾರೂ ಕರೆಯುವುದಿಲ್ಲ. ಅದು ನನಗೆ ಅರ್ಥವಾಯಿತು, ಆದರೂ ಅವನ ಮೇಲೇ ಸಿಟ್ಟು ಬಂತು. ತಪ್ಪು ನಮ್ಮದಾದಾಗ ಸಿಟ್ಟು ಎರಡು ಪಾಲು ಬರುತ್ತದಲ್ಲ, ಹಾಗೆ.

ಎಂಟು ದಿನ ಗಡಿಯಾರ ನೋಡಿದ್ದೇ ನೋಡಿದ್ದು. ಹಂಪಿಯಲ್ಲಿ ಏನು ನೋಡಿದೆ ಎಂದು ಕೇಳಿದರೆ ನನ್ನ ಕೈಗಡಿಯಾರದ ಮುಳ್ಳು ಎನ್ನಬೇಕು. ಹನ್ನೆರಡೂವರೆಗೆ ಅಮ್ಮನ ಸೆರಗಿನ ಮರೆಯಲ್ಲಿ ಬಿಸ್ಕತ್ತು ಕೊಡುತ್ತಿದ್ದೆ. ಪಂಢರಾಪುರದ ಕ್ಯೂನಲ್ಲಿ ಅಮ್ಮ ಭಜನೆ ಹೇಳುತ್ತಿದ್ದರೆ ನಾನು ಅವಳ ಹಣೆ ಮುಟ್ಟಿ ಮುಟ್ಟಿ ಬೆವರಿದೆಯೇ ಎಂದು ನೋಡುತ್ತಿದ್ದೆ. ದರ್ಶನವಾಗಿ ಹಿಂದಕ್ಕೆ ಹೊರಟ ಮೇಲೆ ಹೇಳಬಹುದಿತ್ತು. ಇನ್ನು ಇಳಿಸಿದರೂ ಆಗುವ ನಷ್ಟವಿರಲಿಲ್ಲ. ಆಣೆ ಎನ್ನುವುದು ನೆಪ. ಆ ಮೇಸ್ತ್ರಿಯ ಮುಂದೆ ತಗ್ಗುವುದು ನನಗೆ ಬೇಡವಾಗಿತ್ತು.

ಕೊನೆಯ ದಿನ ತಿಪಟೂರು ದಾಟಿ ನುಗ್ಗೇಹಳ್ಳಿಯ ಹತ್ತಿರ ಬಸ್ಸು ನಿಂತಿತು. ಕಡೆಯ ಊಟ ತನ್ನ ಭಾವನ ತೋಟದಲ್ಲಿ, ಒಬ್ಬಟ್ಟು ಹಾಕುತ್ತೇನೆ ಎಂದು ಮೇಸ್ತ್ರಿ ಹಿಂದಿನ ದಿನವೇ ಹೇಳಿದ್ದ. ನಾವೆಲ್ಲ ಇಳಿದೆವು, ಪಾತ್ರೆಗಳನ್ನೂ ಇಳಿಸಿದರು. ಹಿಂದಿನ ಟೈರು ಪಂಕ್ಚರ್ ಆಗಿತ್ತು. ಅಡುಗೆಯಾಗುವಷ್ಟರಲ್ಲಿ ಹಾಕಿಸಿಕೊಂಡು ಬರುತ್ತೇನೆಂದು ಡ್ರೈವರು ಕ್ಲೀನರನ್ನು ಹತ್ತಿಸಿಕೊಂಡು ಬಸ್ಸನ್ನು ಮೆಲ್ಲಗೆ ಊರೊಳಕ್ಕೆ ತೆಗೆದುಕೊಂಡು ಹೋದ. ಬಿಸ್ಕತ್ತು, ಸಕ್ಕರೆ ಇದ್ದ ನನ್ನ ಚೀಲ ಸೀಟಿನ ಮೇಲೇ ಇತ್ತು. ಅದು ನನಗೆ ಹೊಳೆದದ್ದು ಬಸ್ಸು ತಿರುವು ದಾಟಿದ ಮೇಲೆ.

ಒಂದು ಗಂಟೆಯಾಯಿತು. ಹೂರಣ ರುಬ್ಬಿ ಒಬ್ಬಟ್ಟು ತಟ್ಟುವುದು ನಡೆದೇ ಇತ್ತು. ಒಂದೂವರೆ ದಾಟಿದ ಮೇಲೆ ಎಲ್ಲ ಮುಗಿದು ಎಲೆ ಹಾಕುವುದಷ್ಟೇ ಉಳಿಯಿತು. ಆಗ ಯಾರೋ, ದೇವರೆಲ್ಲಿ ಎಂದರು. ಕೊನೆಯ ಊಟಕ್ಕೆ ಬಸ್ಸಿನ ಪಟಕ್ಕೆ ಎಡೆ ಇಡದೆ ಎಲೆ ಹಾಕುವಂತಿಲ್ಲ. ಪಟ ಬಸ್ಸಿನಲ್ಲಿತ್ತು. ದೇವರು ಪಂಕ್ಚರ್ ಹಾಕಿಸಿಕೊಳ್ಳಲು ಹೋಗಿದ್ದ. ಮೊದಲು ಎಲ್ಲರೂ ನಕ್ಕರು. ಎರಡು ಗಂಟೆಯಾದಾಗ ನಗು ನಿಂತಿತು, ಆದರೆ ಎಡೆಯಿಲ್ಲದೆ ಉಣ್ಣೋಣ ಎನ್ನುವ ಧೈರ್ಯ ಯಾರಿಗೂ ಬರಲಿಲ್ಲ.

ನಾನು ಒಂದೇ ಒಂದು ಬಾಳೆಹಣ್ಣು ಯಾರಿಂದಲೋ ಕೇಳಿ ತಂದೆ. ಅಮ್ಮ ಮುಖ ತಿರುಗಿಸಿದಳು. ಯಾತ್ರೆ ಮುಗಿಸುವ ಎಡೆ, ಅದು ಆಗುವ ಮುಂಚೆ ಹಲ್ಲಿಗೆ ಏನೂ ಸೋಕಿಸುವುದಿಲ್ಲ ಎಂದಳು. ನಾನು ಬೈದೆ, ಬೇಡಿಕೊಂಡೆ. ಅವಳು ಹಣ್ಣನ್ನು ಹುಲ್ಲಿನ ಮೇಲಿಟ್ಟು ಕಣ್ಣು ಮುಚ್ಚಿದಳು. ಹತ್ತು ನಿಮಿಷ ಬಿಟ್ಟು ನೋಡಿದರೆ ರವಿಕೆಯ ಬೆನ್ನು ಒದ್ದೆ. ಕೈ ನಡುಗುತ್ತಿತ್ತು. “ಕರು ಕಟ್ಟಿದ್ಯೇನೇ?” ಎಂದಳು. ನಮ್ಮ ಮನೆಯಲ್ಲಿ ಕರುವಿದ್ದು ನಾನು ಹುಟ್ಟುವ ಮುಂಚೆ. ಹಣ್ಣು ಸುಲಿದು ಬಾಯಿಗೆ ಇಟ್ಟೆ. ಹಲ್ಲು ಕಚ್ಚಿಕೊಂಡುಬಿಟ್ಟಿದ್ದಳು, ಒಳಗೆ ಹೋಗಲಿಲ್ಲ.

ಒಲೆಯ ಹತ್ತಿರ ಓಡಿದೆ. ಈಗ ಹೇಳುವುದಕ್ಕೂ ನಾಚಿಕೆಯಾಗುತ್ತದೆ. ಓಡಿಹೋಗಿ ಮೇಸ್ತ್ರಿಯ ಮುಂದೆ ನಿಂತಾಗ ಬಾಯಿಗಿಂತ ಮೊದಲು ನನ್ನ ಕೈ ಪರ್ಸು ತೆರೆದು ನೋಟು ತೆಗೆದು ಅವನ ಮುಂದೆ ಹಿಡಿದಿತ್ತು. ಅಭ್ಯಾಸಬಲ. ಮೇಸ್ತ್ರಿ ನೋಟು ನೋಡಿದ, ನನ್ನ ಮುಖ ನೋಡಿದ. ಸಾಹುಕಾರರು ಆಗಲೇ ಏನೋ ಅನ್ನಲು ಬಾಯಿ ತೆರೆದಿದ್ದರು.

“ಅಮ್ಮನಿಗೆ ಸಕ್ಕರೆ ಕಾಯಿಲೆ. ಬೆಳಿಗ್ಗೆ ಸೂಜಿ ಹಾಕಿದೀನಿ. ಈಗ ಸಿಹಿ ಬೀಳದೆ ಇದ್ರೆ ಉಳಿಯಲ್ಲ” ಎಂದೆ. ಎಂಟು ದಿನದಲ್ಲಿ ನಾನು ಆಡಿದ ಮೊದಲ ನಿಜವಾದ ಮಾತು.

ಮೇಸ್ತ್ರಿ ಬೆಲ್ಲದ ಅಚ್ಚೊಂದನ್ನು ಕಲ್ಲಿಗೆ ಕುಕ್ಕಿ ಪುಡಿಮಾಡಿ, ಬಿಸಿನೀರಿನ ಲೋಟಕ್ಕೆ ಸುರಿದು, ಬೆರಳಲ್ಲೇ ಕಲಸುತ್ತ ಓಡಿದ. ಹಿಂದಿನಿಂದ ಯಾರೋ ಎಡೆ ಆಗಿಲ್ಲ ಎಂದರು. “ದೇವ್ರು ಬಂದಾಗ ಉಣ್ತನೆ ಬುಡಿ” ಎಂದು ತಿರುಗಿಯೂ ನೋಡದೆ ಹೇಳಿದ. ಅಮ್ಮನ ತಲೆಯನ್ನು ತನ್ನ ತೊಡೆಗೆ ಆನಿಸಿಕೊಂಡು, ಬೆಲ್ಲದ ಗಸಿಯನ್ನು ಬೆರಳಿಂದ ಅವಳ ಕೆನ್ನೆಯ ಒಳಭಾಗಕ್ಕೆ, ಒಸಡಿಗೆ ಸವರಿದ. ಮತ್ತೆ ಸವರಿದ. ನಾನು ಅಮ್ಮನ ಪಾದ ಹಿಡಿದು ಕೂತಿದ್ದೆ. ಎಷ್ಟು ಹೊತ್ತೋ ಗೊತ್ತಿಲ್ಲ, ಆ ಒಂದು ಸಲ ಗಡಿಯಾರ ನೋಡಲಿಲ್ಲ. ಅಮ್ಮನ ನಾಲಿಗೆ ಅಲ್ಲಾಡಿತು. ಚಪ್ಪರಿಸಿದಳು. ಆಮೇಲೆ ಲೋಟದಿಂದ ಗುಟುಕು ಗುಟುಕಾಗಿ ಕುಡಿದಳು.

ಪಕ್ಕದಲ್ಲಿ ಒಂದು ಕೈ ಚಾಚಿತು. ಸಾಹುಕಾರರದ್ದು. ಕೈಯಲ್ಲಿ ಗ್ಲೂಕೋಸ್ ಪೊಟ್ಟಣ. ಅವರ ಜೇಬಿನ ಪೊಟ್ಟಣಗಳೆಲ್ಲ ಏನೆಂದು ನನಗೆ ಆಗ ಗೊತ್ತಾಯಿತು. ಅವರು ಕುಕ್ಕರಗಾಲಲ್ಲಿ ಕೂತು, ನನಗೊಬ್ಬಳಿಗೇ ಕೇಳುವ ಹಾಗೆ, “ನಂದೂ ಇದೇ ರೋಗ ಕಣಮ್ಮ. ಯೋಳುದ್ರೆ ಬಸ್ ಅತ್ತುಸ್ತಿರ್ಲಿಲ್ಲ” ಎಂದರು. ಎಂಟು ದಿನ ನನ್ನ ತಟ್ಟೆ ಕಾದ ಮನುಷ್ಯ. ತಾನು ಹಸಿವನ್ನು ಬಚ್ಚಿಟ್ಟುಕೊಂಡು ಕೂತಿರುವಾಗ ಇನ್ನೊಬ್ಬರು ಮೊದಲು ಉಣ್ಣುವುದನ್ನು ಹೇಗೆ ನೋಡಿಯಾರು? ನನಗೆ ಅಳು ಬಂತು, ನಗುವೂ ಬಂತು. ಒಂದೇ ಬಸ್ಸಿನಲ್ಲಿ ಇಬ್ಬರು ಕಳ್ಳರು ಒಬ್ಬರಿಗೊಬ್ಬರು ಕಾವಲು ಕೂತಿದ್ದೆವು.

ಬಸ್ಸು ಬಂತು, ಎಡೆಯಾಯಿತು, ಎಲ್ಲರೂ ಉಂಡರು. ಅಮ್ಮನೂ ಅನ್ನ ಉಂಡಳು, ಒಬ್ಬಟ್ಟು ಮುಟ್ಟಲಿಲ್ಲ. ಆಮೇಲೆ ತಾಂಬೂಲದ ತಟ್ಟೆ ಹಿಡಿದು ಒಬ್ಬೊಬ್ಬರೇ ಡಬ್ಬಿಯ ಹತ್ತಿರ ಹೋದರು. ನನ್ನ ಸರದಿ ಬಂದಾಗಲೂ ನಾನು ಅಮ್ಮನ ಪಕ್ಕದಲ್ಲೇ ಕೂತಿದ್ದೆ. ಒಲೆಯ ಮುಂದೆ ಹಿಡಿದ ನೋಟು ಮುದ್ದೆಯಾಗಿ ಇನ್ನೂ ಎಡಗೈಯಲ್ಲೇ ಇತ್ತು. ಮೇಸ್ತ್ರಿಯೇ ನನ್ನ ಹತ್ತಿರ ಬಂದು ಎರಡೂ ಕೈ ಚಾಚಿದ.

“ಈಗ್ ಕೊಡಿ ಮೇಡಮ್ಮೋರೇ, ಇಸ್ಕತೀನಿ. ಈಗ ಉಂಡಿದೀರಲ್ಲ” ಎಂದ. ಎಲೆ ಅಡಿಕೆಯ ಮೇಲೆ ನೋಟು ಬಿಡಿಸಿ ಇಟ್ಟು ಕೊಟ್ಟೆ. ಕಣ್ಣಿಗೊತ್ತಿಕೊಂಡ. ಹೋಗುವಾಗ ತಿರುಗಿ, “ಅವತ್ತು ಇಸ್ಯ ಯೋಳದ್ ಬುಟ್ಟು ದುಡ್ ಯಾಕ್ ಕೊಟ್ರಿ?” ಎಂದು ಕೇಳಿದ. ಕೊಂಕಿಲ್ಲದ ಪ್ರಶ್ನೆ. ಅಮ್ಮನೂ ಕೇಳಿಸಿಕೊಂಡಳು.

ಅದಾಗಿ ಹತ್ತು ವರ್ಷದ ಮೇಲೆ ಅಮ್ಮ ಹಾಸನದ ಒಂದು ನರ್ಸಿಂಗ್ ಹೋಮಿನಲ್ಲಿ ಮಲಗಿದಳು. ಮೂತ್ರಪಿಂಡ ಸೋತಿತ್ತು. ನಾನು ಹೊಳೆನರಸೀಪುರಕ್ಕೂ ಹಾಸನಕ್ಕೂ ಓಡಾಡುತ್ತಿದ್ದೆ. ಮೊದಲ ದಿನ ಆಯಾ ಒಳಗೆ ಬಂದ ಕೂಡಲೇ ನನ್ನ ಕೈ ತಾನಾಗಿ ಪರ್ಸಿಗೆ ಹೋಯಿತು. ಅಮ್ಮ ಮಂಚದಿಂದಲೇ ನನ್ನ ಮಣಿಕಟ್ಟು ಹಿಡಿದಳು. ಹಿಡಿತದಲ್ಲಿ ಬಲವೇನೂ ಇರಲಿಲ್ಲ.

“ಮೊದ್ಲು ವಿಷಯ ಹೇಳೇ” ಎಂದಳು.

ಪರ್ಸು ಮುಚ್ಚಿದೆ. ಆಯಾಗೆ ಹೇಳಿದೆ: ಅಮ್ಮನಿಗೆ ಒಬ್ಬಳೇ ಇರಲು ಹೆದರಿಕೆ, ಬಾಯಿಬಿಟ್ಟು ಹೇಳುವುದಿಲ್ಲ, ನಾನಿಲ್ಲದಾಗ ಆಗಾಗ ಬಂದು ಕೈ ಹಿಡಿದುಕೊಳ್ಳಿ. ಆಯಾ ತಲೆಯಾಡಿಸಿದಳು, ಅಷ್ಟೆ. ಅಮ್ಮ ಹೋದ ಬೆಳಿಗ್ಗೆ ನಾನು ಬಸ್ಸಿನಲ್ಲಿದ್ದೆ. ಬಾಯಿಗೆ ನೀರು ಬಿಟ್ಟವಳು ಆಯಾ, ಕೈ ಹಿಡಿದುಕೊಂಡಿದ್ದವಳೂ ಅವಳೇ. ನಾನು ಒಳಗೆ ಹೋದಾಗ ಇನ್ನೂ ಬಿಟ್ಟಿರಲಿಲ್ಲ.

ಅವತ್ತು ಅವಳಿಗೆ ಏನೂ ಕೊಡಲಿಲ್ಲ. ಹದಿಮೂರನೆಯ ದಿನ ವೈಕುಂಠ ಸಮಾರಾಧನೆಗೆ ಮನೆಗೆ ಕರೆದೆ. ಮೊದಲ ಪಂಕ್ತಿಯಲ್ಲಿ, ನಮ್ಮವರ ಸಾಲಿನಲ್ಲೇ ಎಲೆ ಹಾಕಿಸಿ ನಾನೇ ಬಡಿಸಿದೆ. ಅವಳು ಪಾಯಸದವರೆಗೆ ನಿಧಾನವಾಗಿ ಉಂಡಳು. ಕೈ ತೊಳೆದು ಬರುವವರೆಗೆ ತಾಂಬೂಲದ ತಟ್ಟೆ ಹಿಡಿದು ಕಾದೆ. ಆಮೇಲೆ ಕೊಟ್ಟೆ.