ಅತ್ತೆಗೊಂದು ಇಳಿಜಾರು

ಉತ್ತರ ಸ್ವೀಡನ್ನಿನ ಲುಲೆಯೊದಲ್ಲಿ ಯಾರ ಸಂಬಳವನ್ನಾದರೂ ಕೇಳಿ, ಹೇಳಿಯಾರು. ಚಳಿಗಾಲದ ಆರಂಭದಲ್ಲಿ ಎಲ್ಲಿ ಸ್ಕೀ ಮಾಡುತ್ತೀರಿ ಎಂದು ಮಾತ್ರ ಕೇಳಬೇಡಿ, ಆ ಗುಟ್ಟು ಯಾರೂ ಬಿಟ್ಟುಕೊಡುವುದಿಲ್ಲ. ನಾನು ಕೇಳಿದ್ದೆ. ಫಿಕಾ ಎಂಬ ಕಾಫಿ ಬಿಡುವಿನಲ್ಲಿ ಸಹೋದ್ಯೋಗಿ ಶೆರ್ಸ್ಟಿನ್ ಕಿಟಕಿಯಾಚೆ ನೋಡುತ್ತ, “ಮೇಲೆ, ಪಶ್ಚಿಮದ ಕಡೆ” ಎಂದಳು. ಸ್ವೀಡನ್ನಿನ ಬೆಟ್ಟಗಳೆಲ್ಲ ಮೇಲೆ, ಪಶ್ಚಿಮದ ಕಡೆಯೇ ಇವೆ.

ನನಗೇನು ಸ್ಕೀ ಹುಚ್ಚಿರಲಿಲ್ಲ. ಚಳಿಗೆ ಕಾಂಕ್ರೀಟು ಹೇಗೆ ಬಿರುಕು ಬಿಡುತ್ತದೆ ಎಂದು ಇಲ್ಲಿನ ವಿಶ್ವವಿದ್ಯಾಲಯದಲ್ಲಿ ಸಂಶೋಧನೆ ಮಾಡುವವಳು ನಾನು. ಚಳಿಯ ಜೊತೆ ನನ್ನ ಸಂಬಂಧ ಲ್ಯಾಬಿನ ಫ್ರೀಜರಿನ ಬಾಗಿಲಿನವರೆಗೆ ಮಾತ್ರ. ಹುಚ್ಚು ಹಿಡಿದದ್ದು ನನ್ನ ಅತ್ತೆಗೆ, ಅಂದರೆ ಗಂಡ ಗಿರೀಶನ ತಾಯಿಗೆ. ಹುಬ್ಬಳ್ಳಿಯ ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ಪಿ.ಟಿ. ಟೀಚರ್ ಆಗಿದ್ದು ನಿವೃತ್ತರಾದವರು. ಆಗಸ್ಟಿನಲ್ಲಿ ಬಂದಿದ್ದರು, ನವೆಂಬರ್ ಮಧ್ಯಕ್ಕೆ ವೀಸಾ ಮುಗಿಯುತ್ತಿತ್ತು. ಒಂದು ದಿನ ರೊಟ್ಟಿ ಬಡಿಯುತ್ತ ಹೇಳಿದರು:

“ನೋಡವಾ, ಜಲ್ಮಪೂರ್ತಿ ಸೀಟಿ ಊದಿ ಮಂದಿ ಮಕ್ಕಳನ್ನ ಓಡಿಸೇನಿ. ನಾ ಒಂದಿನಾನೂ ಓಡಿಲ್ಲ. ಆ ಬರ್ಫದ ಮ್ಯಾಲೆ ಒಮ್ಮೆ ಜಾರಿಬಿಡ್ತೀನಿ, ಆಮ್ಯಾಲೆ ಊರಿಗೆ ಕಳಸ್ರಿ.”

ತಮಾಷೆಯೆಂದುಕೊಂಡು ತಲೆಯೆತ್ತಿದೆ. ಅವರು ನಗುತ್ತಿರಲಿಲ್ಲ.

ಸ್ಕೀ ಮಾಡುವವರನ್ನು ಬೆಟ್ಟಕ್ಕೇರಿಸುವ ಊರ ಬಳಿಯ ಲಿಫ್ಟುಗಳು ತೆರೆಯುವುದು ಅವರ ವಿಮಾನ ಹಾರಿದ ಮೇಲೆ. ಹಾಗಾಗಿ ಉಳಿದದ್ದು ಲಿಫ್ಟಿಲ್ಲದ ಬೆಟ್ಟ. ಸ್ಕೀ ಹಲಗೆಗಳ ಕೆಳಗೆ ಜಾರದ ಹಾಗೆ ತುಪ್ಪಳದಂಥ ಪಟ್ಟಿ ಅಂಟಿಸಿ, ಕಾಲ್ಬಲದಿಂದ ಹತ್ತಿ, ಪಟ್ಟಿ ಕಿತ್ತು ಇಳಿಯಬೇಕು. ಗಿರೀಶ ಡೇಟಾ ಸೆಂಟರಿನಲ್ಲಿ ಕೆಲಸ ಮಾಡುವವನು. ಉಪಗ್ರಹದ ಚಿತ್ರ, ಹವಾಮಾನದ ನಕ್ಷೆ ಎಲ್ಲ ಜಾಲಾಡಿ, ಅತಿ ಹೆಚ್ಚು ಹಿಮ ಬಿದ್ದ ಬೆಟ್ಟವೊಂದನ್ನು ಆರಿಸಿದ. ಕಾರಿನಲ್ಲಿ ಬೆಳಗೆಲ್ಲ ಸಾಗಿ ತಲುಪಿದರೆ, ಅಬ್ಬಾ, ಎಂಥ ಬಿಳುಪು! ಗಿರೀಶ ಠೀವಿಯಿಂದ ಎರಡು ಮಾರು ಜಾರಿದ. ಕರ್ರ್ ಎಂದಿತು. ಹಿಮದ ಕೆಳಗೆ ಬರೀ ಬಂಡೆ.

ಅತ್ತೆ ಕೋಲಿನಿಂದ ತಿವಿದು ನೋಡಿದರು. “ಇದು ಗಾದಿ ಅಲ್ಲೋ ಗಿರೀಶಾ, ಬರೇ ಚಾದರ,” ಎಂದರು. ಅಲ್ಲಿಂದ ಮನೆಯವರೆಗೆ ಮಾತಿಲ್ಲ. ನಮ್ಮತ್ತೆ ಸುಮ್ಮನಿರುವುದನ್ನು ನೀವು ನೋಡಿಲ್ಲ. ಮನೆಗೆ ಗ್ರಹಣ ಹಿಡಿದ ಹಾಗಿರುತ್ತದೆ. ಹಿಮ ಬೀಳದಿರಲಿ ಎಂದು ಪ್ರತಿವರ್ಷ ಹರಕೆ ಹೊರುವ ನಾನು ಅಂದು ಹಿಮ ಬೀಳಲೆಂದು ಹರಕೆ ಹೊತ್ತೆ.

ಮೊದಲ ಹಿಮದ ಗುಟ್ಟು ನಮಗೆ ತಿಳಿದದ್ದು ಹೀಗೆ, ಪೆಟ್ಟು ತಿಂದು. ಎಲ್ಲಿ ಹಿಮ ಜಾಸ್ತಿ ಎನ್ನುವುದಲ್ಲ, ಅದರಡಿ ಏನಿದೆ ಎನ್ನುವುದು ಮುಖ್ಯ. ಬಂಡೆಯಾದರೆ ಸೊಂಟದೆತ್ತರ ಬಿದ್ದರೂ ಅನುಮಾನ. ಹುಲ್ಲಾದರೆ ಗೇಣು ಸಾಕು. ಜನವರಿಯಲ್ಲಿ ಎಲ್ಲ ಇಳಿಜಾರುಗಳೂ ಒಳ್ಳೆಯವೇ, ಮದುವೆಮನೆಯಲ್ಲಿ ಎಲ್ಲ ನೆಂಟರೂ ಒಳ್ಳೆಯವರಾಗಿ ಕಾಣುವ ಹಾಗೆ. ನವೆಂಬರಿಗೆ ಒದಗುವ ನೆಲದ ಪರಿಚಯವನ್ನು ಬೇಸಿಗೆಯಲ್ಲೇ ಮಾಡಿಕೊಂಡಿರಬೇಕು. ಈ ಜ್ಞಾನವನ್ನು ಊಟಕ್ಕೆ ಕೂತಾಗ ಉಪನ್ಯಾಸದಂತೆ ಬಿಗಿಯುತ್ತಿದ್ದೆ. ಅತ್ತೆ ತುತ್ತು ಕೆಳಗಿಟ್ಟರು.

“ಹಂಗಿದ್ರ ನಾ ಬಂದ ಹೊಸದಾಗ ಬುತ್ತಿ ಉಂಡಿದ್ವಲ್ಲ, ಆ ಗುಡ್ಡ? ಅದರ ತುಂಬ ಬರಿಗಾಲಿಲೇ ಅಡ್ಡಾಡೇನಿ. ಒಂದ ಹಳ್ಳು ಚುಚ್ಚಲಿಲ್ಲ.”

ನಿಜ! ಅಂದು ಚಪ್ಪಲಿ ಕೈಯಲ್ಲಿ ಹಿಡಿದು ಹುಲ್ಲಿನ ಮೇಲೆ ಗಂಟೆಗಟ್ಟಲೆ ತಿರುಗಿದ್ದರು. “ಅವ್ವಾ, ಮಂದಿ ನೋಡ್ತಾರ” ಎಂದು ಗಿರೀಶ ಗೊಣಗಿದ್ದ. ಉಪಗ್ರಹ ಕಾಣದ್ದನ್ನು ಅವನವ್ವನ ಅಂಗಾಲು ಕಂಡಿತ್ತು.

ಅವರು ಹೊರಡುವ ಮುಂಚಿನ ಶನಿವಾರ ಆ ಗುಡ್ಡಕ್ಕೆ ಹೋದೆವು. ಬಿಸಿಲು ತಾಗದ ಮಗ್ಗುಲಲ್ಲಿ ಹುಲ್ಲಿನ ಮೇಲೆ ಗೇಣುದ್ದ ಹಿಮ ಕೂತಿತ್ತು. ಮಗನ ಹಳೇ ಟ್ರ್ಯಾಕ್ ಪ್ಯಾಂಟು ತೊಟ್ಟು ಅತ್ತೆ ಏದುಸಿರು ಬಿಡುತ್ತ ಹತ್ತಿದರು. ಅವರ ಸೊಂಟಕ್ಕೇನಾದರೂ ಆದರೆ ಗತಿಯೇನು ಎಂದು ನಾನು ಹಿಂದೆ. ತುದಿಯಲ್ಲಿ ನಿಂತು ಕೆಳಗೆ ನೋಡಿದರು. ನಾನು ಅವರ ಕೈ ಹಿಡಿದುಕೊಂಡೆ.

“ಭಯ ಆಗ್ತಿದ್ಯಾ ಅತ್ತೆ?”

“ಆಗೇತಿ. ನೀ ಕೈ ಬಿಡು.”

ಬಿಟ್ಟೆ. ಮೊಣಕಾಲು ಮಡಚಿ, ಕೈ ಚಾಚಿ ಸುಯ್ಯೆಂದು ಹೋದರು. ತಿರುವು ಗಿರುವು ಏನಿಲ್ಲ, ನೇರ ಕೆಳಗೆ. ಅಲ್ಲಿ ದೊಪ್ಪೆಂದು ಕೂತರು. ನಾನು ಅರ್ಧ ಓಡಿ ಅರ್ಧ ಉರುಳಿ ತಲುಪಿದರೆ, ಅಳುತ್ತಿದ್ದರು, ನಗುತ್ತಲೂ ಇದ್ದರು. “ನಂದೂ ಪಾಳಿ ಬಂತು ನೋಡವಾ,” ಎಂದರು. ನನಗೂ ಕಣ್ಣು ತುಂಬಿತು. ಬೆಳಕು ಆರುವವರೆಗೆ ಹತ್ತಿದ್ದೂ ಹತ್ತಿದ್ದೇ, ಜಾರಿದ್ದೂ ಜಾರಿದ್ದೇ.

ಈಗ ಜನವರಿ. ಮನೆ ಬಾಗಿಲಿಂದಲೇ ಸ್ಕೀ ತೊಟ್ಟು ಹೊರಡಬಹುದು, ಅಷ್ಟು ಹಿಮ. ಶೆರ್ಸ್ಟಿನ್ ಕೂಡ ಧಾರಾಳವಾಗಿ ಜೊತೆಗೆ ಕರೆಯುತ್ತಾಳೆ. ಹೋಗುತ್ತೇನೆ, ಬಿದ್ದು ಬರುತ್ತೇನೆ. ಮೊನ್ನೆ ವಿಡಿಯೊ ಕರೆಯಲ್ಲಿ ಅತ್ತೆ ಕೇಳಿದರು, “ಬರ್ಫ ಹೆಂಗೈತಿ? ಛಲೋ ಜಾಗಾ ಸಿಕ್ಕಾವೇನು?”

“ಬರ್ಫ ಬೇಕಾದಷ್ಟಿದೆ ಅತ್ತೆ,” ಎಂದೆ. “ನೀವಿಲ್ದೆ ಒಂದೂ ಒಳ್ಳೆ ಜಾಗ ಸಿಗ್ತಿಲ್ಲ.”