ಚಂದ್ರಬಾಯಿ ಎಣಿಸಿದ ಮಕ್ಕಳು

ಚಂದ್ರಬಾಯಿಯ ಕತೆ ಹೇಳುವ ಮೊದಲು ನನ್ನ ತಪ್ಪು ಹೇಳಿಬಿಡುತ್ತೇನೆ. ನಾನು ಕಿಟ್ಟಣ್ಣ, ಉಡುಪಿ ಕಡೆಯವ. ಇಪ್ಪತ್ತೆರಡು ವರ್ಷ ಸೈನ್ಯದಲ್ಲಿದ್ದು, ಹವಾಲ್ದಾರನಾಗಿ ನಿವೃತ್ತನಾಗಿ ಮುಂಬಯಿ ಹತ್ತಿರದ ಡೊಂಬಿವಲಿ ಸೇರಿದವ. ಈಗ ನಾಗರಿಕ ರಕ್ಷಣಾ ದಳದಲ್ಲಿ ಸ್ವಯಂಸೇವಕ. ಯುದ್ಧವಾಗಿ ಬಾಂಬ್ ಬೀಳಲಿ, ಕೆಮಿಕಲ್ ಕಾರ್ಖಾನೆಯಿಂದ ಗ್ಯಾಸ್ ಸೋರಲಿ, ಸೈರನ್ ಕೂಗಿದ ಹದಿನೈದು ನಿಮಿಷದಲ್ಲಿ ಕೂಲಿಕಾರರ ಗುಡಿಸಲು ಬಸ್ತಿ ಖಾಲಿಯಾಗಬೇಕು. ಆ ಯೋಜನೆ ಬರೆದವನು ನಾನು. ಬರೆದು ಜಂಬಪಟ್ಟವನೂ ನಾನೇ.

ಚಂದ್ರಬಾಯಿ ಕಲಬುರಗಿಯ ಅಫಜಲಪುರ ಕಡೆಯವಳು. ಮೂವತ್ತು ವರ್ಷ ಡೊಂಬಿವಲಿ ಪಕ್ಕದ ಕಲ್ಯಾಣದ ಕಟ್ಟಡಗಳಿಗೆ ಇಟ್ಟಿಗೆ ಹೊತ್ತವಳು. ಈಗ ಕಾರ್ಖಾನೆಗಳ ಹಿಂದಿನ ತಗಡಿನ ಬಸ್ತಿಯಲ್ಲೇ ಇರುತ್ತಾಳೆ. ಮೊಣಕಾಲು ಸವೆದು ಕೆಲಸ ಬಿಟ್ಟಳೆಂದು ನಾನು ತಿಳಿದಿದ್ದೆ. ಇಡೀ ಬಸ್ತಿಯ ಮಕ್ಕಳಿಗೆ ಆಕೆ ಆಯಿ, ಅಂದರೆ ಅಜ್ಜಿ. ನಮ್ಮ ಸಭೆಗಳಿಗೆಲ್ಲ ಬಂದು ಮುಂದೆಯೇ ಕೂರುತ್ತಿದ್ದಳು. ಬಾಯಿ ತೆರೆದರೆ ಸಾಕು, ನಾನು "ಪ್ರಶ್ನೆ ಆಮೇಲೆ ಮಾರಾಯ್ತಿ" ಎನ್ನುತ್ತಿದ್ದೆ. ಆ ಆಮೇಲೆ ಬರಲೇ ಇಲ್ಲ.

ಮೇ ತಿಂಗಳಲ್ಲಿ ಮಾಕ್ ಡ್ರಿಲ್. ಬೇಲಾಪುರದ ನಮ್ಮ ದಳದ ಕಚೇರಿಯಿಂದ ಒಬ್ಬ ಅಧಿಕಾರಿ ಬಂದಿದ್ದರು. ಬೆಳಿಗ್ಗೆ ಹನ್ನೊಂದಕ್ಕೆ ಸೈರನ್ ಕೂಗಿತು. ಸ್ವಯಂಸೇವಕರು ಪ್ರತಿ ಬಾಗಿಲು ಬಡಿದು ಕೂಗಬೇಕು. ಬೀಗವಿದ್ದು ಯಾರೂ ಓಗೊಡದಿದ್ದರೆ ಮನೆ ಖಾಲಿ ಎಂದು ಸೀಮೆಸುಣ್ಣದಲ್ಲಿ ಗೀಟು ಎಳೆದು ಮುಂದೆ ಹೋಗಬೇಕು. ಹದಿಮೂರೇ ನಿಮಿಷದಲ್ಲಿ ಜನರೆಲ್ಲ ಮೈದಾನದಲ್ಲಿದ್ದರು. ಅಧಿಕಾರಿ "ಶಾಬಾಶ್" ಎಂದರು.

ಚಂದ್ರಬಾಯಿ ಮಾತ್ರ ಬಂದಿರಲಿಲ್ಲ. ಹುಡುಕಿ ಹೋದರೆ ಗೀಟು ಎಳೆದ ಬಾಗಿಲೊಂದರ ಮುಂದೆ ಕೂತಿದ್ದಾಳೆ! ನನಗೆ ಪಿತ್ತ ನೆತ್ತಿಗೇರಿತು.

"ಎಂತ ಮಾರಾಯ್ತಿ, ನಿನ್ನೊಬ್ಬಳಿಂದ ನನ್ನ ಮರ್ಯಾದೆ ಹೋಗಬೇಕಾ? ಏಳು!"

"ನಾ ಬರಂಗಿಲ್ರೀ ಸಾಹೇಬ್ರ. ಒಳಗ ಕೂಸುಗಳವ."

"ಬೀಗ ಕಾಣುವುದಿಲ್ವಾ? ಅಷ್ಟು ಬಡಿದರೂ ಯಾರೂ ಓ ಅನ್ನಲಿಲ್ಲ."

"ಹ್ಯಾಂಗ ಅಂತಾವ್ರೀ? ಅವ್ವಂದಿರು ಕೆಲಸಕ್ಕ ಹೋಗೂಮುಂದ ಒಳಗ ಬಿಟ್ಟು ಕೀಲಿ ಹಾಕ್ತಾರ. ಯಾರ್ ಬಡದ್ರೂ ಉಸುರು ಬಿಡಬ್ಯಾಡ್ರಿ ಅಂತ ಹೇಳಿ ಹೋಗ್ತಾರ." ಅವಳು ತಗಡಿನ ಸಂದಿಗೆ ಬಾಯಿ ಹಚ್ಚಿದಳು. "ಮರಗಮ್ಮಾ, ನಾ ಆಯಿ ಬಂದೀನವ್ವಾ."

ಒಳಗಿನಿಂದ ಸಣ್ಣ ದನಿಯಲ್ಲಿ "ಓ" ಎಂದಿತು.

ಅಯ್ಯೋ ದೇವರೇ! ರಸ್ತೆಯ ಲಾರಿಗಳಿಗೆ, ಮಕ್ಕಳ ಕಳ್ಳರಿಗೆ ಹೆದರಿ ಹಾಕಿದ ಬೀಗಗಳು. ತಾಯಂದಿರು ಕಲ್ಯಾಣದಲ್ಲೋ ಥಾಣೆಯಲ್ಲೋ ಕಟ್ಟುತ್ತಿರುವ ಯಾವ ಮಾಳಿಗೆಯ ಮೇಲಿದ್ದಾರೋ ಬಲ್ಲವರಾರು! ಹಾರೆ ತರಿಸಿದೆ. ಚಂದ್ರಬಾಯಿ ಕುಂಟುತ್ತ ಮನೆಮನೆಗೆ ಹೋಗಿ ಹೆಸರು ಹಿಡಿದು ಕರೆದಳು, ನಾವು ಬೀಗ ಮೀಟಿದೆವು. ಹನ್ನೊಂದು ಮಕ್ಕಳು ಹೊರಬಂದವು. ಒಂದು ಕೂಸು ನನ್ನ ಸಮವಸ್ತ್ರ ನೋಡಿ ಬೆದರಿ ಅವಳ ಸೀರೆಯಲ್ಲಿ ಮುಖ ಮುಚ್ಚಿಕೊಂಡಿತು. ಅಷ್ಟು ನಾಚಿಕೆ ನನಗೆ ಜೀವಮಾನದಲ್ಲಿ ಆದದ್ದಿಲ್ಲ.

"ಛೋಡೋ ಹವಾಲ್ದಾರ್, ತೇರಾ ಮಿನಿಟ್ ಹೀ ಲಿಖೋ," ಎಂದರು ಅಧಿಕಾರಿ; ಬಿಟ್ಟುಬಿಡು, ಹದಿಮೂರು ನಿಮಿಷವೆಂದೇ ಬರೆ ಎಂದರ್ಥ.

"ನಹೀ ಸಾಬ್," ಎಂದೆ. ಡ್ರಿಲ್ ವಿಫಲ, ಒಳಗೆ ಉಳಿದವರು ಹನ್ನೊಂದು ಎಂದು ಬರೆದು ಚಂದ್ರಬಾಯಿಗೆ ಓದಿ ಹೇಳಿದೆ.

"ಹನ್ನೆರಡು ಮಾಡ್ರಿ."

"ಇನ್ನೊಂದು ಎಲ್ಲಿ?" ಗಾಬರಿಯಾಗಿ ಎದ್ದೆ.

"ಕುಂಡ್ರಿ ಸಾಹೇಬ್ರ, ಅದು ಸಿಗಂಗಿಲ್ಲ. ಹ್ವಾದ ವರ್ಷ ಈ ಬಾಜೂದ ಕಾರ್ಖಾನಿ ಸಿಡದಾಗ ನನ್ನ ಮೊಮ್ಮಗಳು ನಾಗವೇಣಿ ಒಳಗಿದ್ಳು. ಕೀಲಿ ಹಾಕಿ ನಾ ಕೆಲಸಕ್ಕ ಹೋಗಿದ್ದೆ. ಯಾರೋ ಬಂದು ಬಾಗಲಾ ಬಡದಿದ್ರಂತ." ನನ್ನ ಹಾಳೆಯ ಮೇಲೆ ಬೆರಳಿಟ್ಟಳು. "ಹೇಳಿದ ಮಾತು ಕೇಳೂ ಹುಡುಗಿರೀ ಅದು."

ಹನ್ನೊಂದನ್ನು ಹೊಡೆದು ಹಾಕಿ ಹನ್ನೆರಡು ಎಂದು ಬರೆದೆ. ಆ ಹಾಳೆಯೇ ಬೇಲಾಪುರಕ್ಕೆ ಹೋಯಿತು.